ಎರೆನೆಲದಲ್ಲಿ ಬೇಟೆಮೃಗಗಳ ರಕ್ಷಣೆಯೂ ಹಿಂಸ್ರಪ್ರಾಣಿಗಳ ನಿಗ್ರಹವೂ: ಒಂದು ವಿಮರ್ಶೆ

ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ 22ನೆಯ ಸಂಪುಟವು ಧಾರವಾಡ ಜಿಲ್ಲೆಗೆ ಸಂಬಂಧಿಸಿದುದು. ಜೇಮ್ಸ್ ಕ್ಯಾಂಬೆಲ್ಲರ ಸಂಪಾದಕತ್ವದಲ್ಲಿ ಅದು 1884ರಲ್ಲಿ ಪ್ರಕಟವಾಯಿತು. ನರಗುಂದ, ರೋಣ, ಗದಗ ಸೀಮೆಯ ಇತಿಹಾಸವನ್ನು ಬರೆಯಹೊರಟವರು ಯಾರೇ ಆಗಲಿ ಅದನ್ನು ತಿರುವಿಹಾಕದೆ ಇರಲಾರರು. ಆದರೆ ಕಾಡುಪ್ರಾಣಿಗಳ ಪ್ರಸ್ತಾಪವು ಅದರಲ್ಲಿ ಎಲ್ಲಿ ಬಂದಿದೆ ಎಂಬುದನ್ನು ನಮ್ಮ ವಿದ್ವಾಂಸರು ಅಷ್ಟಾಗಿ ಲಕ್ಷಿಸಿದಂತೆ ತೋರುವುದಿಲ್ಲ. ಅದು ಬಂದಿರುವುದು 'ಉತ್ಪತ್ತಿ' ಎಂಬ ಅಧ್ಯಾಯದಲ್ಲಿ; ಕಲ್ಲು, ಮರ, ದನಕರುಗಳ ಸಾಲಿನಲ್ಲಿ. ಈ ಜೋಡಣೆ ಆಕಸ್ಮಿಕವಾದುದಲ್ಲ. ನೆಲವು ಏನನ್ನು ಕೊಡುತ್ತದೆ, ಕೊಟ್ಟುದನ್ನು ಯಾವುದು ತಿನ್ನುತ್ತದೆ ಎಂಬ ಎರಡು ಪ್ರಶ್ನೆಗಳಲ್ಲಿಯೇ ಅಂದಿನ ಆಡಳಿತದ ಪ್ರಾಣಿಶಾಸ್ತ್ರವೆಲ್ಲ ಅಡಗಿತ್ತು. ಹೀಗಾಗಿ ಕೆಲವು ಪ್ರಾಣಿಗಳು 'ಬೇಟೆಮೃಗ'ಗಳಾದವು, ಕೆಲವು 'ದುಷ್ಟಮೃಗ'ಗಳಾದವು. ಚಿಗರಿ ಮೊದಲನೆಯ ಪಂಕ್ತಿಯಲ್ಲಿ ಕುಳಿತಿತು, ತೋಳ ಎರಡನೆಯದರಲ್ಲಿ.

ಎರಡನೆಯ ಪಂಕ್ತಿಯನ್ನು ಕಡಿಮೆ ಮಾಡಿದರೆ ಮೊದಲನೆಯದು ತಾನಾಗಿ ಬೆಳೆಯುವುದೆಂಬ ನಂಬಿಕೆ ಬಹುಕಾಲ ಉಳಿದುಬಂದಿದೆ. ಇಂದು ಎರೆಭೂತದಂತಹ ಅಳಿವಿನಂಚಿನ ಹಕ್ಕಿಯ ರಕ್ಷಣೆಯ ಸಂದರ್ಭದಲ್ಲಿ ಅದೇ ವಿಚಾರವು ಹೊಸ ಉಡುಪಿನಲ್ಲಿ ಮತ್ತೆ ಬಂದಿದೆ. ಆದಕಾರಣ ಹಳೆಯ ಲೆಕ್ಕವನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಈ ಲೆಕ್ಕದ ಬಗೆಗೆ ಮಹೇಶ ರಂಗರಾಜನ್ ಅವರು 1998ರಲ್ಲಿ 'ಸ್ಟಡೀಸ್ ಇನ್ ಹಿಸ್ಟರಿ' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಪ್ರಸಿದ್ಧವಾದುದು. ವಸಾಹತು ಸರಕಾರವು 'ಅಪಾಯಕಾರಿ ಮೃಗ'ಗಳ ಮೇಲೆ ಸಾರಿದ ಸಮರವೇ ಅದರ ವಿಷಯ. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಮೇಲ್ಪಟ್ಟು ಹುಲಿಗಳು, 1,50,000ಕ್ಕೂ ಮೇಲ್ಪಟ್ಟು ಚಿರತೆಗಳು, 2,00,000ದಷ್ಟು ತೋಳಗಳು ಹತವಾದುವೆಂದು ಅವರು ಸರಕಾರೀ ದಾಖಲೆಗಳಿಂದ ಎತ್ತಿ ತೋರಿಸಿದ್ದಾರೆ. ಮೃಗಗಳ ಸಂಹಾರವು ಬಿಡಿ ಶಿಕಾರಿಗಳ ಹವ್ಯಾಸವಾಗಿರದೆ ರಾಜ್ಯದ ಒಂದು ನೀತಿಯಾಗಿತ್ತೆಂಬ ಅವರ ಮುಖ್ಯ ನಿರ್ಣಯವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೂ ಬಯಲುಸೀಮೆಯಲ್ಲಿ ನಿಂತು ಆ ಪ್ರಬಂಧವನ್ನು ಓದುವಾಗ ಎರಡು ಆಕ್ಷೇಪಣೆಗಳು ಮನಸ್ಸಿಗೆ ಬರುತ್ತವೆ.

ಮೊದಲನೆಯದು ಸಂಖ್ಯೆಗಳ ಸ್ವರೂಪವನ್ನು ಕುರಿತದ್ದು. ಎರಡು ಲಕ್ಷ ತೋಳಗಳೆಂದರೆ ಎರಡು ಲಕ್ಷ ಬಕ್ಷೀಸುಗಳೆಂದೇ ಮೊದಲು ಅರ್ಥಮಾಡಬೇಕು. ತೊಗಲನ್ನೋ ತಲೆಯನ್ನೋ ಕಚೇರಿಗೆ ತಂದೊಪ್ಪಿಸಿದವನಿಗೆ ಹಣ ಸಂದಿತು; ಸಂದ ಹಣ ಲೆಕ್ಕಕ್ಕೆ ಬಂದಿತು. ಗುಳ್ಳೆನರಿಯ ಮರಿಯ ತೊಗಲನ್ನು ತೋಳದ ಮರಿಯದೆಂದು ತಂದರೆ, ಅದನ್ನು ಗುರುತಿಸಬಲ್ಲ ಕಾರಕೂನರು ಎಷ್ಟು ಮಂದಿ ಇದ್ದಿರಬಹುದು? ಅದು ಹಾಗಿರಲಿ. ಸಂಖ್ಯೆ ಅಕ್ಷರಶಃ ನಿಜವೆಂದೇ ಇಟ್ಟುಕೊಂಡರೂ, ಆ ಯಾದಿ ನಮಗೆ ಹೇಳುವುದು ಖಜಾನೆಯ ಖರ್ಚನ್ನು. ಸತ್ತ ತೋಳಗಳ ಎದುರಿಗೆ ಉಳಿದ ಚಿಗರಿಮರಿಗಳೆಷ್ಟು, ಉಳಿದ ಕುರಿಗಳೆಷ್ಟು ಎಂಬ ಕಲಮೇ ಅದರಲ್ಲಿಲ್ಲ. ಯಾವುದನ್ನು ಕಾಪಾಡುವುದಕ್ಕಾಗಿ ಕೊಲ್ಲಲಾಯಿತೋ ಅದನ್ನು ಎಣಿಸದೆ, ಕೊಂದುದನ್ನಷ್ಟೇ ಎಣಿಸಿದ ಆಡಳಿತವು ತನ್ನ ನೀತಿ ಫಲಿಸಿತೇ ಇಲ್ಲವೇ ಎಂದು ತಿಳಿಯುವ ಮಾರ್ಗವನ್ನೇ ಮುಚ್ಚಿಕೊಂಡಿತು. ರಂಗರಾಜನ್ ಅವರು ಅಂಕಿಗಳ ಗಾತ್ರವನ್ನು ಒತ್ತಿ ಹೇಳಿದಷ್ಟು ಈ ಕೊರತೆಯನ್ನು ಒತ್ತಿ ಹೇಳಿಲ್ಲವೆಂದು ನಮ್ಮ ಅಭಿಪ್ರಾಯ.

ಎರಡನೆಯ ಆಕ್ಷೇಪಣೆ ನಮ್ಮ ನಾಡಿಗೆ ಇನ್ನೂ ಹತ್ತಿರದ್ದು. ಬಕ್ಷೀಸಿನ ಕಥೆಯನ್ನು ಬಂದೂಕಿನ ಕಥೆಯಿಂದ ಬೇರ್ಪಡಿಸಿ ಹೇಳಿದರೆ ಅದು ಅರ್ಧ ಕಥೆಯಾಗುತ್ತದೆ. 1857ರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಧಿಕ್ಕರಿಸಿ ಅದೇ ವರ್ಷದ ನವೆಂಬರಿನಲ್ಲಿ ಹಲಗಲಿಯ ಬೇಡರು ಎದ್ದುನಿಂತುದು ಕರ್ನಾಟಕದ ಮನೆಮಾತು. ಲಾವಣಿಕಾರರು ಅದನ್ನು ಮರೆಯಗೊಟ್ಟಿಲ್ಲ. ಮರುವರ್ಷ 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ ಹತನಾದನು. ಜೂನ್ 2ಕ್ಕೆ ನರಗುಂದ ಬಿದ್ದಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ನರಗುಂದದ ಬಂಡಾಯಕ್ಕೆ ದತ್ತಕದ ಅನುಮತಿಯ ನಿರಾಕರಣೆಯೇ ಮುಖ್ಯ ಕಾರಣವೆಂದು ಇತಿಹಾಸಕಾರರು ಬರೆಯುತ್ತಾರೆ, ಅದು ಸರಿಯೇ. ಆದರೆ ಹಲಗಲಿಯ ಬೇಡನಿಗೆ ದತ್ತಕದ ಗೊಡವೆಯಿರಲಿಲ್ಲ. ಅವನಿಗೆ ಆಯುಧವೆಂದರೆ ಬೇಟೆ, ಬೆಳೆಯ ಕಾವಲು, ಮಾನ, ಇವು ಮೂರೂ ಆಗಿತ್ತು.

ಇನ್ನು ಮುಂದಿನ ಎರಡು ದಶಕಗಳ ಕಾನೂನುಗಳನ್ನು ಸಾಲಾಗಿ ಇಟ್ಟು ನೋಡಬೇಕು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ. 1878ರಲ್ಲಿ ಶಸ್ತ್ರಗಳ ಕಾಯಿದೆ. 1879ರಲ್ಲಿ ನೀಲಗಿರಿಯ ಬೇಟೆಮೃಗ ಹಾಗೂ ಮೀನುಗಳ ರಕ್ಷಣೆಯ ಕಾಯಿದೆ. ಇವುಗಳ ನಡುವೆಯೇ ದುಷ್ಟಮೃಗಗಳ ಬಕ್ಷೀಸಿನ ವಾರ್ಷಿಕ ಯಾದಿಗಳು ಆರಂಭವಾಗುತ್ತವೆ. ಹಳ್ಳಿಯವನ ಕೈಯಿಂದ ಬಂದೂಕನ್ನು ಕಿತ್ತುಕೊಂಡ ಸರಕಾರವೇ ತೋಳವನ್ನು ಕೊಂದು ತಾ ಎಂದು ಅವನಿಗೆ ಹಣದ ಆಸೆ ತೋರಿಸಿತು. ಬಂದೂಕಿಲ್ಲದವನು ತೋಳವನ್ನು ಹೇಗೆ ಕೊಂದಾನು? ವಿಷವಿಟ್ಟು, ಗುಂಡಿ ತೋಡಿ, ಬಿಲದಲ್ಲಿ ಹೊಗೆ ಹಾಕಿ ಮರಿಗಳನ್ನು ಹಿಡಿದು. ಅತ್ತ ಬಂದೂಕಿನ ಬೇಟೆ ಲೈಸನ್ಸು ಪಡೆದ ಅಧಿಕಾರಿಯ ಹಕ್ಕಾಯಿತು. ಚಿಗರಿಯ ಬೇಟೆಯನ್ನು ತನ್ನ ಹೆಸರಿನಲ್ಲಿಯೇ ಹೊತ್ತ ಹರಣಶಿಕಾರಿ ಜನಾಂಗವು ಈ ನಮ್ಮ ಭಾಗದಲ್ಲಿ ಅಪರಾಧಿಗಳ ಪಟ್ಟಿಯನ್ನು ಸೇರಿತು. ಮೃಗಗಳಲ್ಲಿ ದುಷ್ಟವಾದುವು, ಮನುಷ್ಯರಲ್ಲಿ ಹುಟ್ಟಿನಿಂದಲೇ ಅಪರಾಧಿಗಳು ಎಂಬ ಎರಡು ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಒಂದೇ ಬಗೆಯ ಮೇಜುಗಳ ಮೇಲೆ ಸಿದ್ಧವಾದುವೆಂಬುದು ಗಮನಿಸಬೇಕಾದ ಸಂಗತಿ.

ಬೇಟೆಮೃಗಗಳನ್ನು ನಿಜವಾಗಿ ಕಡಿಮೆ ಮಾಡಿದವರು ಯಾರು? ಇದಕ್ಕೆ ಶಿಕಾರಿಗಳ ಸ್ವಂತ ಬರಹಗಳೇ ಸಾಕ್ಷಿ. ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಶಿಕಾರಿ 1809ರಿಂದ 1829ರವರೆಗೆ ಅಹಮದನಗರ ಜಿಲ್ಲೆಯಲ್ಲಿ 961 ಎರೆಭೂತಗಳನ್ನು ಹೊಡೆದುದು ದಾಖಲಾಗಿದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದೂ ಬರಿಯ ನೆಲದ ಮೇಲೆ, ಇಡುವ ಹಕ್ಕಿ ಅದು. ಯಾವ ತೋಳ, ಯಾವ ನರಿ ಇಷ್ಟು ಹಕ್ಕಿಗಳ ಲೆಕ್ಕ ಕೊಡಬಲ್ಲದು? ಆದರೂ ನೀಲಗಿರಿಯ ಶಿಕಾರಿಗಳ ಸಂಘ ಬಕ್ಷೀಸು ಕಟ್ಟಿದ್ದು ಸೀಳುನಾಯಿಯ ಮೇಲೆ. ತನ್ನ ಪಾಲಿನ ಜಿಂಕೆಯನ್ನು ಅದು ತಿನ್ನುತ್ತದೆ ಎಂಬುದೇ ಅದರ ಅಪರಾಧ.

ಎಲ್ಲ ಶಿಕಾರಿಗಳೂ ಈ ಮತದವರಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಮೈಸೂರು ಸಂಸ್ಥಾನದಲ್ಲಿ ಆನೆಗಳನ್ನು ಹಿಡಿಯುವ ಕೆಲಸದಲ್ಲಿದ್ದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹುಲಿಯ ಪರವಾಗಿ ವಾದಿಸಿದ್ದಾನೆ. ಬೆಳೆಯನ್ನು ಹಾಳುಮಾಡುವ ಜಿಂಕೆ ಹಂದಿಗಳನ್ನು ಹುಲಿ ಹದ್ದಿನಲ್ಲಿಡುತ್ತದೆ, ಅದನ್ನು ನಿರ್ನಾಮ ಮಾಡಬೇಕೆಂಬ ಕೂಗಿಗೆ ಆಧಾರವಿಲ್ಲ ಎಂಬುದು ಅವನ ವಾದದ ತಿರುಳು. ಸ್ವತಃ ಹುಲಿಗಳನ್ನು ಹೊಡೆದವನ ಮಾತಾದುದರಿಂದ ಇದಕ್ಕೆ ಹೆಚ್ಚಿನ ಬೆಲೆಯಿದೆ. ಆದರೆ ಸ್ಯಾಂಡರ್ಸನ್ನನ ಕರುಣೆ ಕಾಡಿನ ಅಂಚಿಗೆ ಬಂದು ನಿಲ್ಲುತ್ತದೆ. ಬಯಲಿನ ತೋಳಕ್ಕೆ ಅಂತಹ ವಕೀಲನು ಸಿಕ್ಕಲಿಲ್ಲ. ಚಿಗರಿಯನ್ನು ಅಟ್ಟಿ ಹಿಡಿಯುತ್ತಿದ್ದ ಸಿವಂಗಿಯಂತೂ 1952ರ ಹೊತ್ತಿಗೆ ಭಾರತದಲ್ಲಿಯೇ ಇಲ್ಲವಾಯಿತು. ಚಿಗರಿಗೆ ಸಹಜ ಬೇಟೆಗಾರನಾಗಿ ಎರೆನೆಲದಲ್ಲಿ ಉಳಿದುದು ತೋಳವೊಂದೇ ಎನ್ನಬೇಕು.

ಸ್ವಾತಂತ್ರ್ಯಾನಂತರ ಬಂದೂಕು ಹಿಂದೆ ಸರಿದು ನೇಗಿಲು, ಕಾಲುವೆ, ಗಿಡತೋಪು ಮುಂದೆ ಬಂದುವು. ಮಲಪ್ರಭೆಯ ನೀರು ನರಗುಂದ ಸೀಮೆಯ ಎರೆಯನ್ನು ಬದಲಿಸಿದ ಬಗೆಯನ್ನೂ, 1980ರ ರೈತ ಬಂಡಾಯವನ್ನೂ ಇಲ್ಲಿ ವಿಸ್ತರಿಸಬೇಕಾಗಿಲ್ಲ. ರಾಣೆಬೆನ್ನೂರಿನ ಉದಾಹರಣೆ ನಮ್ಮ ವಿಷಯಕ್ಕೆ ಹೆಚ್ಚು ಉಪಯುಕ್ತ. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರುಗಳ ಅಭಯಾರಣ್ಯ ಸ್ಥಾಪಿತವಾಯಿತು. ಆದರೆ ಹುಲ್ಲುಗಾವಲಿನ ಬಹುಭಾಗವನ್ನು ನೀಲಗಿರಿ ತೋಪು ಆವರಿಸಿತ್ತು. ಚಿಗರಿ ಉಳಿದು ಹೆಚ್ಚಿತು. ಸುತ್ತಲಿನ ಬೆಳೆಗೂ ಬಾಯಿ ಹಾಕಿತು. ಬಯಲು ಬೇಕಾದ ಎರೆಭೂತ ಉಳಿಯಲಿಲ್ಲ. ಎರೆಭೂತಕ್ಕೆಂದೇ ಮೀಸಲಿಟ್ಟ ಆಂಧ್ರಪ್ರದೇಶದ ರೊಳ್ಳಪಾಡಿನಲ್ಲಿಯೂ ಇಂತಹುದೇ ಅನುಭವ. ರಕ್ಷಣೆಯಿಂದ ಚಿಗರಿ ಬೆಳೆಯಿತು, ರೈತ ಮುನಿದನು, ಹಕ್ಕಿ ಮಾಯವಾಯಿತು. ಒಂದನ್ನು ಕಾಪಾಡುವ ಉಪಾಯವು ಇನ್ನೊಂದಕ್ಕೆ ಉಪಕಾರಿಯಾಗಲೇಬೇಕೆಂಬ ನಿಯಮವಿಲ್ಲ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಹಿಂಸ್ರಪ್ರಾಣಿಗಳ ನಿಗ್ರಹವು ಎಲ್ಲೆಲ್ಲಿಯೂ ಅಯುಕ್ತವೆಂದು ನಾವು ಹೇಳುತ್ತಿಲ್ಲ. 2018ರ ಅಂದಾಜಿನಂತೆ ಎರೆಭೂತಗಳ ಒಟ್ಟು ಸಂಖ್ಯೆ ಸುಮಾರು 150. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಇಂತಹ ಸ್ಥಿತಿಯಲ್ಲಿ ಒಂದು ಗೂಡಿನ ಒಂದು ಮೊಟ್ಟೆಯೂ ಲೆಕ್ಕಕ್ಕೆ ಬರುತ್ತದೆ. ಜೈಸಲ್ಮೇರಿನ ಮರುಭೂಮಿಯಲ್ಲಿ ಹಕ್ಕಿ ಮೊಟ್ಟೆಯಿಡುವ ಜಾಗಕ್ಕೆ ನಾಯಿ ನರಿ ನುಗ್ಗದಂತೆ ಬೇಲಿ ಕಟ್ಟಿರುವುದನ್ನೂ, 2019ರಿಂದ ಕೆಲವು ಮೊಟ್ಟೆಗಳನ್ನು ಎತ್ತಿ ಕೇಂದ್ರದಲ್ಲಿ ಮರಿಮಾಡಿಸುತ್ತಿರುವುದನ್ನೂ ಆಕ್ಷೇಪಿಸಲು ಕಾರಣವಿಲ್ಲ. ಇಲ್ಲಿ ಎಣಿಕೆಯ ದಿಕ್ಕು ತಿರುಗಿದೆ: ಸತ್ತ ನರಿಯನ್ನಲ್ಲ, ಉಳಿದ ಮರಿಯನ್ನು ಎಣಿಸುತ್ತಾರೆ. ಆದರೆ ಗೂಡಿನ ಸುತ್ತಲಿನ ಬೇಲಿಯನ್ನು ಇಡೀ ಬಯಲಿಗೆ ಹಬ್ಬಿಸಿ, ನರಿ ತೋಳಗಳನ್ನು ಮತ್ತೆ ದುಷ್ಟಪಂಕ್ತಿಗೆ ಸೇರಿಸುವ ವಾದ ಬಂದರೆ ಅದನ್ನು ಒಪ್ಪಲಾಗದು. ದೊಡ್ಡ ಹಕ್ಕಿಗಳು ಸಾಯುವುದು ಬಹುಮಟ್ಟಿಗೆ ವಿದ್ಯುತ್ ತಂತಿಗಳಿಗೆ ಬಡಿದು. ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತಂತಿಗಳನ್ನು ನೆಲದೊಳಗೆ ಹಾಕಲು ಆದೇಶಿಸಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿತು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲನ್ನು ಕಂಡವರಿಗೆ ಈ ಪ್ರಶ್ನೆ ದೂರದ್ದೆನಿಸಲಾರದು. ಮೊಟ್ಟೆಯನ್ನು ನರಿಯಿಂದ ಉಳಿಸಿ ಹಕ್ಕಿಯನ್ನು ತಂತಿಗೆ ಒಪ್ಪಿಸುವ ನಿಗ್ರಹಕ್ಕೆ ಅರ್ಥವಿಲ್ಲ.

ಕಾನೂನಿನ ಪಂಕ್ತಿಗಳೂ ಈಗ ಬದಲಾಗಿವೆ. ತೋಳ, ಚಿಗರಿ, ಎರೆಭೂತ ಮೂರೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆ ತೋಳಗಳಿಗೆಂದೇ ಮೀಸಲಾಗಿದೆ. (ಇದು ಹಾವೇರಿ ಜಿಲ್ಲೆಯ ಬಂಕಾಪುರವಲ್ಲ, ಅಲ್ಲಿಯದು ನವಿಲುಧಾಮ.) ಆದರೆ ಬೇಟೆಮೃಗ, ದುಷ್ಟಮೃಗ, ಸಾಕುಪ್ರಾಣಿ ಎಂಬ ಮೂರು ಪಂಕ್ತಿಗಳಲ್ಲಿ ಯಾವುದಕ್ಕೂ ಸಲ್ಲದ ಒಂದು ಪ್ರಾಣಿ ಉಳಿದುಕೊಂಡಿತು. ಅದು ಊರಿನ ಅಂಚಿನ ಬೀಡಾಡಿ ನಾಯಿ. ಚಿಗರಿಯ ಮರಿ, ನೆಲಗೂಡಿನ ಮೊಟ್ಟೆ, ಕುರಿ ಮೂರಕ್ಕೂ ಅದರಿಂದ ಅಪಾಯವುಂಟು. ಎಷ್ಟೋ ವೇಳೆ ನಾಯಿ ತಿಂದ ಕುರಿಯ ದೂರು ತೋಳದ ತಲೆಯ ಮೇಲೆಯೇ ಬೀಳುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಹಿಡಿದ ನಾಯಿಗೆ ಶಸ್ತ್ರಕ್ರಿಯೆ ಮಾಡಿ, ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡಬೇಕು. ಪೇಟೆಯ ಓಣಿಗೆ ಈ ನಿಯಮದಲ್ಲಿ ನ್ಯಾಯವಿದೆ. ಸಿರುಗುಪ್ಪದ ಹುಲ್ಲಿನಲ್ಲಿ ಗೂಡಿನಿಂದ ನೂರು ಮಾರು ದೂರದಲ್ಲಿ ಹಿಡಿದ ನಾಯಿಯನ್ನು ಎಲ್ಲಿ ಬಿಡಬೇಕೆಂಬುದಕ್ಕೆ ಅದು ಬೇರೆ ಉತ್ತರವನ್ನು ಕೊಡುವುದಿಲ್ಲ.