ಅನುಮತಿಯೊಳಗಿನ ನಿಷೇಧ

ಉಡುಗೆಯು ಮೈ ಮುಚ್ಚುವ ಸಾಧನವೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಅರಸೊತ್ತಿಗೆಗಳು ಅದನ್ನು ಅಂತಸ್ತಿನ ಅಳತೆಗೋಲನ್ನಾಗಿಯೂ ಬಳಸಿದುವು. ಉಳುವವನು ಒರಟು ಉಣ್ಣೆಯನ್ನೇ ಉಡಬೇಕೆಂದು ಇಂಗ್ಲೆಂಡಿನ 1363ರ ಶಾಸನವು ವಿಧಿಸಿತು. ಇಂತಹ ಶಾಸನಗಳು ಅಲ್ಲಿ 1604ರಲ್ಲಿ ರದ್ದಾದುವು. ನಮ್ಮ ನೆರೆಯ ತಿರುವಾಂಕೂರಿನಲ್ಲಾದರೋ ಆ ಬಗೆಯ ಕಟ್ಟಳೆಯು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಜೀವಂತವಾಗಿದ್ದಿತು.

ವಾಚಕರು ಅಲ್ಲಿಯ 1859ರ ಜುಲೈ 26ರ ರಾಜಘೋಷಣೆಯನ್ನು ಸಾವಧಾನವಾಗಿ ಪರಿಶೀಲಿಸಬೇಕು. ಅಂದು ಶಾನಾರರೆಂದು ಕರೆಯಲ್ಪಟ್ಟ, ಇಂದು ನಾಡಾರರೆನಿಸಿದ ಸಮುದಾಯದ ಸ್ತ್ರೀಯರು ರವಿಕೆ ತೊಡಬಹುದು, ಬೆಸ್ತರ ಹೆಂಗಸರಂತೆ ಒರಟು ಬಟ್ಟೆ ಸುತ್ತಿಕೊಳ್ಳಬಹುದು, ಬೇರಾವ ರೀತಿಯಿಂದಲೂ ಎದೆ ಮುಚ್ಚಬಹುದು. ಆದರೆ ಮೇಲ್ಜಾತಿಯ ಸ್ತ್ರೀಯರಂತೆ ಮಾತ್ರ ಉಡಕೂಡದು. ಇದೇ ಅದರ ಸಾರಾಂಶ. ಮೊದಲ ಭಾಗವು ಕೊಟ್ಟುದನ್ನು ಕೊನೆಯ ಮಾತು ಕಸಿದುಕೊಳ್ಳುತ್ತದೆ.

ಈ ಸಂಘರ್ಷವನ್ನು ಕೇವಲ ಮಾನರಕ್ಷಣೆಯ ಹೋರಾಟವೆಂದು ಬಣ್ಣಿಸುವವರುಂಟು. ಆ ವಿವರಣೆ ಅಪೂರ್ಣವೆಂದೇ ನಮ್ಮ ಅಭಿಪ್ರಾಯ. ಕ್ರೈಸ್ತಮತಕ್ಕೆ ಸೇರಿದ ಸ್ತ್ರೀಯರು ರವಿಕೆ ತೊಡಲು ಕರ್ನಲ್ ಮನ್ರೋ ಅವರ ಕಾಲದಲ್ಲಿಯೇ ಅಪ್ಪಣೆ ದೊರೆತಿತ್ತು. 1829ರ ಘೋಷಣೆಯೂ ರವಿಕೆಯನ್ನು ಒಪ್ಪಿ, ಮೇಲುವಸ್ತ್ರವನ್ನು ನಿಷೇಧಿಸಿತು. ಮಾನವೊಂದೇ ಪ್ರಶ್ನೆಯಾಗಿದ್ದಲ್ಲಿ ವಿವಾದವು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆ ಸ್ತ್ರೀಯರು ರವಿಕೆಯ ಮೇಲೆ ನಾಯರ್ ಸ್ತ್ರೀಯರಂತೆ ಮೇಲುವಸ್ತ್ರವನ್ನೂ ಹೊದ್ದರು. ಬೀದಿಯಲ್ಲಿ ಅದನ್ನು ಕಿತ್ತೆಸೆಯಲಾಯಿತು. ಕೆರಳಿಸಿದ್ದು ಬಟ್ಟೆಯಲ್ಲ, ಬಟ್ಟೆಯಿಂದ ತೋರಿದ ಸಮಾನತೆ. ಅದೇ ನಾಯರ್ ಸ್ತ್ರೀಯರು ತಮಗಿಂತ ಮೇಲಿನವರೆದುರು ಮೇಲುವಸ್ತ್ರವನ್ನು ಸರಿಸಿ ಗೌರವ ತೋರಬೇಕಿತ್ತು. ಹೀಗೆ ಪ್ರತಿಯೊಂದು ಮೆಟ್ಟಿಲೂ ಕೆಳಗಿನದನ್ನು ತುಳಿದು ಮೇಲಿನದಕ್ಕೆ ಬಾಗಿದ ವ್ಯವಸ್ಥೆಯದು.

ಹಿಂದಿನ ಕಾಲವನ್ನು ಇಂದಿನ ಅಳತೆಯಿಂದ ತೂಗಬಾರದೆಂಬ ಆಕ್ಷೇಪವು ಏಳಬಹುದು. ಆದರೆ ಈ ಅಳತೆ ನಮ್ಮದಲ್ಲ. 1820ರ ದಶಕದಲ್ಲಿಯೇ ಪೆಟ್ಟು ತಿಂದೂ ಹಿಂಜರಿಯದ ಆ ತಾಯಂದಿರದು. 1893ರಲ್ಲಿ ಅಯ್ಯಂಕಾಳಿಯವರು ತಮ್ಮ ಜನರಿಗೆ ನಿಷಿದ್ಧವಾಗಿದ್ದ ಸಾರ್ವಜನಿಕ ರಸ್ತೆಯಲ್ಲಿ ಎತ್ತಿನ ಗಾಡಿ ಹೂಡಿ ಸಾಗಿದರು. 1915ರಲ್ಲಿ ಅವರ ಕರೆಯಂತೆ ಪುಲಯ ಸ್ತ್ರೀಯರು, ಕೀಳುತನದ ಗುರುತಾಗಿ ಕೊರಳಲ್ಲಿ ಹೊತ್ತಿದ್ದ ಕಲ್ಲುಮಣಿಯ ಸರಗಳನ್ನು ಕಿತ್ತೊಗೆದರು. ಅನ್ಯಾಯವನ್ನು ಅನ್ಯಾಯವೆಂದು ಮೊದಲು ಅರಿತವರು ಅನುಭವಿಸಿದವರೇ.

ಈ ಚರಿತ್ರೆಯು ಒಂಬತ್ತನೆಯ ತರಗತಿಯ ಕೇಂದ್ರೀಯ ಪಠ್ಯದಲ್ಲಿ ಸೇರಿದ್ದಿತು. 2016ರಲ್ಲಿ ಆ ಭಾಗವನ್ನು ಪರೀಕ್ಷೆಯಿಂದ ಕೈಬಿಡಲಾಯಿತು. 2019ರಲ್ಲಿ, ಪಠ್ಯಭಾರವನ್ನು ತಗ್ಗಿಸುವ ಹೆಸರಿನಲ್ಲಿ, ಅಧ್ಯಾಯವನ್ನೇ ತೆಗೆಯಲಾಯಿತು. ಮಕ್ಕಳ ಹೊರೆ ತಗ್ಗಲೆಂಬುದು ಸದಾಶಯವೇ. ಆದರೆ ಯಾವುದನ್ನು ಹೊರೆಯೆಂದು ಎಣಿಸುತ್ತೇವೆಂಬುದು ನಮ್ಮ ಮನಸ್ಸನ್ನು ತೋರುತ್ತದೆ. ಗಾಯದ ನೆನಪು ಅಳಿಸಿದರೆ ಗಾಯ ಮಾಯುವುದಿಲ್ಲ, ಮರೆಯಾಗುತ್ತದೆ ಅಷ್ಟೆ.

ಮದುವೆಯ ದಿನ ದಲಿತ ವರನು ಕುದುರೆಯೇರಿದುದಕ್ಕೆ ಕಲ್ಲೆಸೆದ ವಾರ್ತೆಗಳು ನಮ್ಮ ದೇಶದಲ್ಲಿ ಇಂದಿಗೂ ಬರುತ್ತಿವೆ. ಅದನ್ನು ತಡೆಯುವ ರಾಜಾಜ್ಞೆ ಈಗ ಯಾವುದೂ ಇಲ್ಲ. ಸಂವಿಧಾನವು ಅವನ ಪಕ್ಷದಲ್ಲಿಯೇ ಇದೆ. ಆದರೂ “ನಮ್ಮಂತೆ ಮಾತ್ರ ಬೇಡ” ಎಂಬ ಆ ಘೋಷಣೆಯ ಕೊನೆಯ ಮಾತು ಕಾಗದದಿಂದಿಳಿದು ಮನಸ್ಸಿನಲ್ಲಿ ನೆಲೆಸಿದೆ. ಕಾಗದದ ಕಟ್ಟಳೆಯನ್ನು ಸರಕಾರವು ರದ್ದುಗೊಳಿಸಬಲ್ಲುದು. ಮನಸ್ಸಿನದನ್ನು, ವಾಚಕರೇ, ನಾವು ನಾವೇ ರದ್ದುಗೊಳಿಸಬೇಕಾಗಿದೆ.