ಶುಕನಾಸಿಯೂ ಪಾಪನಾಥದ ಶಿಖರವೂ

ಬಾದಾಮಿ ಚಾಲುಕ್ಯರ ಗುಡಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವನ್ನು ವಾಸ್ತುಶಿಲ್ಪದ ಪ್ರಯೋಗಶಾಲೆ ಎಂದು ಹೊಗಳುತ್ತಾರೆ. ಮಲಪ್ರಭೆಯ ದಂಡೆಯ ಪಟ್ಟದಕಲ್ಲನ್ನು ಬಿಡುವು ಮಾಡಿಕೊಂಡು ಸುತ್ತಿದರೆ ಈ ಹೊಗಳಿಕೆ ಅನ್ಯಾಯ ಅನ್ನಿಸುತ್ತದೆ. ಪ್ರಯೋಗ ಅಂದುಬಿಟ್ಟರೆ ಇಲ್ಲಿನದೆಲ್ಲ ಎಲ್ಲೋರಕ್ಕೋ ಬೇಲೂರಿಗೋ ಪೂರ್ವತಯಾರಿಯಾಗಿಬಿಡುತ್ತದೆ. ಗೆದ್ದ ಗುಡಿಗೂ ಸೋತ ಗುಡಿಗೂ ಒಂದೇ ಮಾತಿನ ಮೆಚ್ಚುಗೆ ಸಿಗುತ್ತದೆ.

ಗಳಗನಾಥ ಮತ್ತು ಸಂಗಮೇಶ್ವರ ಗುಡಿಗಳ ನಡುವೆ ನಿಂತು ನೋಡಬೇಕು. ಒಂದು ಕಡೆ ಬಾಗುತ್ತ ಮೇಲೇರಿ ಆಮಲಕದಲ್ಲಿ ಮುಗಿಯುವ ರೇಖಾನಾಗರ ಶಿಖರ. ಆಲಂಪುರದ ಗುಡಿಗಳ ಹತ್ತಿರದ ನಂಟು ಅದು. ಇನ್ನೊಂದು ಕಡೆ ವಿಜಯಾದಿತ್ಯ (696–733) ಕಟ್ಟಿಸಿದ ದ್ರಾವಿಡ ವಿಮಾನ, ತಲದ ಮೇಲೆ ತಲ. ಎರಡರಲ್ಲೂ ತಡಕಾಟವಿಲ್ಲ. ಎರಡೂ ಶೈಲಿ ಬಲ್ಲ ಕೈಗಳು ಒಂದೇ ನಾಡಿನಲ್ಲಿ, ಒಂದೇ ಮರಳುಗಲ್ಲಿನಲ್ಲಿ ಕೆಲಸ ಮಾಡಿವೆ.

ವಿಜಯಾದಿತ್ಯನ ಮಗ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಇಂದಿನ ವಿರೂಪಾಕ್ಷ ಗುಡಿ. ಪೂರ್ವದ್ವಾರದ ಶಾಸನ ಶಿಲ್ಪಿ ಗುಂಡನಿಗೆ ಸಂದ ಗೌರವವನ್ನು ಹೇಳುತ್ತದೆ. ಕಂಚಿಯ ಕೈಲಾಸನಾಥದ ಋಣ ಇದರ ಮೇಲಿದೆ ಎನ್ನುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಂತರಾಳದ ಮೇಲೆ, ವಿಮಾನದ ಎದೆಗೆ ಒರಗಿದಂತೆ ಮುಂಚಾಚಿದ ಶುಕನಾಸಿಯನ್ನು ನೋಡಿ. ಅದು ಕಂಚಿಯಲ್ಲಿಲ್ಲ, ಸಂಗಮೇಶ್ವರದಲ್ಲೂ ಇಲ್ಲ. ನಾಗರ ಗುಡಿಗಳ ಅಂಗವೊಂದನ್ನು ದ್ರಾವಿಡ ವಿಮಾನಕ್ಕೆ ಕೂಡಿಸಿದ್ದಾರೆ, ಬೆಸುಗೆ ಎಲ್ಲೂ ಕಾಣುವುದಿಲ್ಲ. ಮಂಟಪದ ಚಪ್ಪಟೆ ಚಾವಣಿಯಿಂದ ಕಣ್ಣು ನೇರವಾಗಿ ಶಿಖರಕ್ಕೆ ಏರುತ್ತದೆ. ಹೊಯ್ಸಳರು ಇದೇ ಶುಕನಾಸಿಯ ಮೇಲೆ ತಮ್ಮ ಲಾಂಛನವನ್ನು ನಿಲ್ಲಿಸಿದರು. ನನ್ನ ಮಟ್ಟಿಗೆ ಈ ಪರಂಪರೆಯ ಅತಿ ದೊಡ್ಡ ಸಾಧನೆ ಇದು, ಗಾತ್ರವಲ್ಲ.

ಒಳಗಿನ ಮಂಟಪದಲ್ಲಿ ಜಾಲಂಧ್ರಗಳಿಂದ ಬರುವ ಬೆಳಕು ಕಡಿಮೆ. ಕಣ್ಣು ಹೊಂದಿಕೊಂಡ ಮೇಲಷ್ಟೇ ಕಂಬಗಳ ಮೇಲಿನ ಕಥೆಗಳು ಒಂದೊಂದಾಗಿ ಎದ್ದು ಬರುತ್ತವೆ: ಸಮುದ್ರಮಥನ, ಶರಶಯ್ಯೆಯ ಭೀಷ್ಮ. ಹೊಯ್ಸಳರ ಕುಸುರಿಗೆ ಪಳಗಿದ ನಮ್ಮ ಕಣ್ಣಿಗೆ ಇದು ಸರಳ ಅನ್ನಿಸಬಹುದು. ಆದರೆ ಇಲ್ಲಿ ಅಲಂಕಾರ ಆಕೃತಿಯನ್ನು ಮುಚ್ಚುವುದಿಲ್ಲ. ಕಂಬ ಮೊದಲು ಕಂಬವಾಗಿ ನಿಲ್ಲುತ್ತದೆ, ಆಮೇಲೆ ಕಥೆ ಹೇಳುತ್ತದೆ.

ಸ್ವಲ್ಪ ದೂರದ ಪಾಪನಾಥ ಮಾತ್ರ ಬೇರೆಯೇ ತೀರ್ಪನ್ನು ಬೇಡುತ್ತದೆ. ಇಲ್ಲಿಯೂ ಮಿಶ್ರಣವೇ: ಗೋಡೆಯ ನೆತ್ತಿಯಲ್ಲಿ ದ್ರಾವಿಡದ ಕೂಟ, ಶಾಲೆಗಳ ಸಾಲು, ಗರ್ಭಗುಡಿಯ ಮೇಲೆ ನಾಗರ ಶಿಖರ. ಒಂದರ ಹಿಂದೊಂದು ಎರಡು ಮಂಟಪ ಬಂದು ಗುಡಿ ಉದ್ದಕ್ಕೆ ಮಲಗಿದೆ, ಶಿಖರ ಒಂದು ತುದಿಯಲ್ಲಿ ಗಿಡ್ಡವಾಗಿ ಕೂತಿದೆ. ಕಟ್ಟುತ್ತ ಕಟ್ಟುತ್ತ ಯೋಜನೆ ಬದಲಾದ ಗುರುತುಗಳಿವೆ, ನಿಜ. ಕಾರಣ ಸಿಕ್ಕಿತೆಂದು ಪ್ರಮಾಣದ ದೋಷ ದೋಷವಲ್ಲದೆ ಹೋಗುವುದಿಲ್ಲ. ವೈವಿಧ್ಯ ಎಂದು ಇದನ್ನೂ ಕೊಂಡಾಡುವವರು ವಿರೂಪಾಕ್ಷದ ಸ್ಥಪತಿಗೆ ಸಲ್ಲಬೇಕಾದ ಗೌರವವನ್ನೇ ಕಡಿಮೆ ಮಾಡುತ್ತಾರೆ.

ಹಾಗೆಂದು ಪಾಪನಾಥವನ್ನು ಬಿಟ್ಟು ಬರುವಂತಿಲ್ಲ. ದಕ್ಷಿಣದ ಗೋಡೆಯಲ್ಲಿ ರಾಮಾಯಣ ಗೂಡಿನಿಂದ ಗೂಡಿಗೆ ಸಾಗುತ್ತದೆ. ಪಾತ್ರಗಳ ಹೆಸರು, ಕೆತ್ತಿದವರ ಹೆಸರು ಕಲ್ಲಿನಲ್ಲೇ ಇವೆ. ಬಲದೇವನೆಂಬವನ ಹೆಸರು ಅವುಗಳಲ್ಲೊಂದು. ಇಡೀ ಕಟ್ಟಡಕ್ಕೆ ದಕ್ಕದ ಅಳತೆ ಈ ಶಿಲ್ಪಿಗಳಿಗೆ ಒಂದೊಂದು ಗೂಡಿನ ಒಳಗೂ ದಕ್ಕಿದೆ.