ಗೋಡೆಯಾಚೆ ಕಿವಿಗೊಟ್ಟವನು

ಆಸ್ಟ್ರಿಯಾದ ವಿಯೆನ್ನಾ ನಗರದ ಸಮೀಪದಲ್ಲಿ ಹೈಲಿಗೆನ್‌ಕ್ರಾಯ್ಟ್ಸ್ ಎಂಬ ಸಿಸ್ಟರ್ಶಿಯನ್ ಮಠವಿದೆ. ಆ ಹೆಸರಿನ ಅರ್ಥ 'ಪವಿತ್ರ ಶಿಲುಬೆ'. 1133ರಲ್ಲಿ ಸ್ಥಾಪನೆಗೊಂಡ ಈ ಮಠದ ಮೌನದಲ್ಲಿ ಕುಳಿತು ಜರ್ಮನಿಯ ಯುವಕರೊಬ್ಬರು ತಮ್ಮ ಮೊದಲ ದೊಡ್ಡ ಚಿತ್ರಕಥೆಯ ಕರಡನ್ನು ಬರೆದರು. ಅವರ ಚಿಕ್ಕಪ್ಪನೇ ಆಗ ಅಲ್ಲಿನ ಮಠಾಧಿಪತಿ. ಆ ಯುವಕರು ಫ್ಲೋರಿಯಾನ್ ಹೆಂಕೆಲ್ ಫಾನ್ ಡೊನ್ನರ್ಸ್‌ಮಾರ್ಕ್. ಕಥೆ 'ದಿ ಲೈವ್ಸ್ ಆಫ್ ಅದರ್ಸ್', ಅಂದರೆ 'ಅನ್ಯರ ಬದುಕು'.

1973ರಲ್ಲಿ ಕಲೋನಿನಲ್ಲಿ ಹುಟ್ಟಿದ ಡೊನ್ನರ್ಸ್‌ಮಾರ್ಕ್ ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ, ರಾಜಕೀಯ ಮತ್ತು ಅರ್ಥಶಾಸ್ತ್ರವನ್ನೂ, ಮ್ಯೂನಿಕ್ಕಿನಲ್ಲಿ ಚಲನಚಿತ್ರ ಕಲೆಯನ್ನೂ ಅಭ್ಯಸಿಸಿದವರು. ಬಾಲ್ಯದಲ್ಲಿ ಪೂರ್ವ ಜರ್ಮನಿಗೆ ಹೋದಾಗ ಹಿರಿಯರ ಮುಖದಲ್ಲಿ ಕಂಡ ಭಯ ಅವರ ಮನಸ್ಸಿನಲ್ಲಿ ಉಳಿದಿತ್ತು. ಆ ಭಯಕ್ಕೆ ಕಾರಣ 'ಸ್ಟಾಸಿ' ಎಂಬ ರಹಸ್ಯ ಪೊಲೀಸ್ ಪಡೆ. 1989ರಲ್ಲಿ ಅದರ ಪೂರ್ಣಾವಧಿ ನೌಕರರೇ ಸುಮಾರು 91,000 ಮಂದಿ. ಇದಲ್ಲದೆ, ನೆರೆಹೊರೆಯವರ ಬಗ್ಗೆ, ಮಿತ್ರರ ಬಗ್ಗೆ, ಕೆಲವೊಮ್ಮೆ ಬಾಳಸಂಗಾತಿಯ ಬಗ್ಗೆಯೂ ವರದಿಯೊಪ್ಪಿಸುತ್ತಿದ್ದ ಗುಪ್ತ ಮಾಹಿತಿದಾರರ ಸಂಖ್ಯೆ ಲಕ್ಷವನ್ನು ಮೀರಿತ್ತು.

2006ರಲ್ಲಿ ತೆರೆಕಂಡ ಚಿತ್ರದ ನಾಯಕ ವೀಸ್ಲರ್ ಇಂತಹ ಒಬ್ಬ ಅಧಿಕಾರಿ. 1984ರ ಪೂರ್ವ ಬರ್ಲಿನ್. ನಾಟಕಕಾರ ಡ್ರೈಮನ್‌ನ ಮನೆಯ ಗೋಡೆಗಳಲ್ಲಿ ಯಂತ್ರಗಳನ್ನು ಹುದುಗಿಸಿ, ಮೇಲಿನ ಅಟ್ಟದಲ್ಲಿ ಕುಳಿತು ಅವನು ಎಲ್ಲವನ್ನೂ ಆಲಿಸುತ್ತಾನೆ. ಒಂದು ರಾತ್ರಿ ಡ್ರೈಮನ್, ಆತ್ಮಹತ್ಯೆ ಮಾಡಿಕೊಂಡ ಗೆಳೆಯನನ್ನು ನೆನೆದು ಪಿಯಾನೋ ನುಡಿಸುತ್ತಾನೆ. ಅಟ್ಟದಲ್ಲಿರುವವನ ಕಣ್ಣು ತೇವಗೊಳ್ಳುತ್ತದೆ. ಅನಂತರ ಲಿಫ್ಟಿನಲ್ಲಿ ಚೆಂಡು ಹಿಡಿದ ಹುಡುಗನೊಬ್ಬ, ಸ್ಟಾಸಿಯವರು ಕೆಟ್ಟವರೆಂದು ತನ್ನ ತಂದೆ ಹೇಳಿದ್ದನ್ನು ಮುಗ್ಧವಾಗಿ ಉಸುರುತ್ತಾನೆ. ತಂದೆಯ ಹೆಸರನ್ನು ಕೇಳಲು ಬಾಯಿ ತೆರೆದ ವೀಸ್ಲರ್ ನಡುವೆಯೇ ತಡೆದು, ಚೆಂಡಿನ ಹೆಸರೇನೆಂದು ಕೇಳುತ್ತಾನೆ. ಒಬ್ಬ ಮನುಷ್ಯನ ಮನಪರಿವರ್ತನೆಯನ್ನು ಇಷ್ಟು ಸರಳವಾಗಿ ತೋರಿಸಿದ ದೃಶ್ಯಗಳು ವಿರಳ. 2007ರಲ್ಲಿ ಚಿತ್ರಕ್ಕೆ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಲಭಿಸಿತು. ವೀಸ್ಲರ್‌ಗೆ ಜೀವ ತುಂಬಿದ ನಟ ಉಲ್ರಿಖ್ ಮ್ಯೂಹೆ ಅದೇ ವರ್ಷ ಜುಲೈನಲ್ಲಿ ನಿಧನರಾದರು.

ಆದರೆ ಮೆಚ್ಚುಗೆಯೊಂದಿಗೆ ಆಕ್ಷೇಪವೂ ಬಂತು. ಸ್ಟಾಸಿಯ ಸೆರೆಮನೆಯಾಗಿದ್ದ ಹೋಹೆನ್‌ಶೋನ್‌ಹೌಸೆನ್ ಸ್ಮಾರಕದ ಅಂದಿನ ನಿರ್ದೇಶಕ ಹುಬರ್ಟಸ್ ಕ್ನಾಬೆ ಅಲ್ಲಿ ಚಿತ್ರೀಕರಣಕ್ಕೆ ಅನುಮತಿ ನಿರಾಕರಿಸಿದರು. ಸ್ಟಾಸಿ ಅಧಿಕಾರಿಯನ್ನು ವೀರನನ್ನಾಗಿ ಮಾಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ನರಳಿದವರ ಪರವಾಗಿ ಎತ್ತಿದ ಈ ದನಿಯನ್ನು ನಾವು ಹಗುರವಾಗಿ ಕಾಣಲಾಗದು. ಆದರೂ ಚಿತ್ರವು ಪಾಪವನ್ನು ಮರೆಮಾಚುವುದಿಲ್ಲ. ವೀಸ್ಲರ್ ತನ್ನ ಒಳಿತಿಗೆ ಬೆಲೆ ತೆರುತ್ತಾನೆ. ನೆಲಮಾಳಿಗೆಯಲ್ಲಿ ಅನ್ಯರ ಪತ್ರಗಳನ್ನು ಹಬೆಯಿಂದ ಬಿಡಿಸುವ ಕೆಲಸಕ್ಕೆ ತಳ್ಳಲ್ಪಡುತ್ತಾನೆ. ನನ್ನ ಆಕ್ಷೇಪ ಬೇರೆ. ಸಚಿವನ ಕಾಮಕ್ಕೂ ಪೊಲೀಸರ ಬೆದರಿಕೆಗೂ ಸಿಲುಕಿ ಪ್ರಿಯಕರನ ಗುಟ್ಟನ್ನು ಬಿಟ್ಟುಕೊಡುವ ನಟಿ ಕ್ರಿಸ್ಟಾ-ಮರಿಯಾಳಿಗೆ ಕಥೆ ಎರಡನೆಯ ಅವಕಾಶ ಕೊಡುವುದಿಲ್ಲ. ಬೇಹುಗಾರನಿಗೆ ದೊರೆತ ಕರುಣೆ ಆ ದುರ್ಬಲಳಿಗೆ ಏಕೆ ದೊರೆಯಲಿಲ್ಲ?

2010ರಲ್ಲಿ ಏಂಜಲೀನಾ ಜೋಲಿ, ಜಾನಿ ಡೆಪ್ ಅವರೊಂದಿಗೆ ಮಾಡಿದ 'ದಿ ಟೂರಿಸ್ಟ್' ವೆನಿಸ್ ನಗರದ ಚೆಲುವನ್ನು ತೋರಿತು. ಆದರೆ ಅದರಲ್ಲಿ ಮನುಷ್ಯನ ಅಂತರಂಗವಿರಲಿಲ್ಲ. ಮುಂದಿನ ಚಿತ್ರ 'ನೆವರ್ ಲುಕ್ ಅವೇ' ಬಂದದ್ದು 2018ರಲ್ಲಿ. ಚಿತ್ರಕಾರ ಗೆರ್ಹಾರ್ಡ್ ರಿಖ್ಟರ್ ಅವರ ಬದುಕಿನಿಂದ ಪ್ರೇರಿತವಾದ, ಮೂರು ಗಂಟೆಗೂ ಮೀರಿದ ಈ ಕೃತಿಯಲ್ಲಿ, ನಾಜಿಗಳು ಮನೋರೋಗಿಯೆಂದು ಕೊಂದ ಯುವತಿಯೊಬ್ಬಳ ನೆನಪು ಅವಳ ಸೋದರಳಿಯನ ಕುಂಚದಲ್ಲಿ ಮರಳಿ ಬರುತ್ತದೆ. ಅವಳನ್ನು ಸಾವಿಗೆ ಗುರುತುಹಾಕಿದ ವೈದ್ಯನೇ ಅವನ ಮಾವನಾಗಿರುತ್ತಾನೆ. 1940–41ರಲ್ಲಿ ಹೀಗೆ 70,000ಕ್ಕೂ ಹೆಚ್ಚು ರೋಗಿಗಳು ವಿಷಾನಿಲಕ್ಕೆ ಬಲಿಯಾದರು. ಮ್ಯೂನ್ಸ್ಟರಿನ ಧರ್ಮಾಧ್ಯಕ್ಷ ಫಾನ್ ಗಾಲೆನ್ 1941ರ ಆಗಸ್ಟ್ 3ರಂದು ಈ ಕೊಲೆಗಳನ್ನು ತಮ್ಮ ಪ್ರವಚನದಲ್ಲೇ ಖಂಡಿಸಿದ್ದು ಸ್ಮರಣೀಯ. ಚಿತ್ರದಲ್ಲಿ ಸಾವಿನ ಕೋಣೆಯ ದೃಶ್ಯವನ್ನು ಸಂಗೀತದೊಡನೆ ಹೆಣೆದಿರುವುದು ನನಗೆ ಸರಿಯೆನಿಸಲಿಲ್ಲ. ಕೆಲವು ಬಾಗಿಲುಗಳ ಹೊರಗೆ ಕ್ಯಾಮೆರಾ ನಿಲ್ಲಬೇಕು. ರಿಖ್ಟರ್ ಅವರೂ ಚಿತ್ರವನ್ನು ಮೆಚ್ಚಲಿಲ್ಲ.

ಇವೆಲ್ಲದರ ನಡುವೆಯೂ ಈ ನಿರ್ದೇಶಕರು ಕೇಳುವ ಪ್ರಶ್ನೆ ಗಂಭೀರವಾದುದು: ಸೌಂದರ್ಯ ಮನುಷ್ಯನನ್ನು ಬದಲಿಸಬಲ್ಲದೇ? ಅದೊಂದೇ ಸಾಲದು ಎಂಬುದು ನನ್ನ ಅನಿಸಿಕೆ. ಸಂಗೀತವನ್ನು ಸವಿಯುತ್ತಲೇ ಕೊಂದವರನ್ನು ಜರ್ಮನಿ ಕಂಡಿದೆ. ವೀಸ್ಲರ್ ಬದಲಾದದ್ದು, ಸಂಗೀತದ ಹಿಂದಿದ್ದ ದುಃಖವನ್ನು ಅವನು ಕೇಳಿಸಿಕೊಂಡದ್ದರಿಂದ. ನಾವೂ ನೆರೆಮನೆಯ ಮಾತಿಗೆ ಕಿವಿಗೊಡುವವರೇ. ಆರೋಪಿಸಲೆಂದು ಆಲಿಸುವ ಕಿವಿ ಒಂದು, ನೋವನ್ನು ಹಂಚಿಕೊಳ್ಳಲೆಂದು ಆಲಿಸುವ ಕಿವಿ ಇನ್ನೊಂದು. ಚಿತ್ರದಲ್ಲಿ ವಯಸ್ಕರಿಗಷ್ಟೇ ಸಲ್ಲುವ ಕೆಲವು ದೃಶ್ಯಗಳಿರುವುದರಿಂದ ಮಕ್ಕಳೊಡನೆ ನೋಡುವುದು ಬೇಡ. ಆದರೆ ದಂಪತಿಗಳು ಜೊತೆಯಾಗಿ ಕುಳಿತು ನೋಡಲಿ, ನೋಡಿದ ಮೇಲೆ ಸ್ವಲ್ಪ ಹೊತ್ತು ಮಾತನಾಡಲಿ.